ಉಡಿ ತುಂಬಿ ಕಳಿಸಿದ ಮೇಲೆ

“ಒಳಗ ಬರಬ್ಯಾಡ! ಅಲ್ಲೇ ನಿಲ್ಲು ವಿದ್ಯಾ... ಹೊಸ್ತಿಲು ದಾಟಿದ್ರ ನನ್ನ ಆಣಿ ಐತಿ!”

ಹೀಗೆ ಕೂಗಿದವಳು ಅತ್ತೆಯಲ್ಲ. ಮಾಸೂರಿನ ಆ ಓಣಿಯಲ್ಲಿ ಬೆಳಗಾಗೆದ್ದು ಯಾರದೇ ಗಂಟಲು ಹರಿದರೂ ಅದು ಸಾವಂತ್ರವ್ವನದೇ ಇರಬೇಕೆಂದು ಜನ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಆದರೆ ಇವತ್ತು ಕೂಗಿದವಳು ಸೊಸೆ ಹೇಮಾ! ಮದುವೆಯಾಗಿ ಬಂದಾಗಿನಿಂದ ಒಂದು ಮಾತಿಗೂ ಎದುರು ಮಾತಾಡದ, ಬೈಗುಳವನ್ನು ನೀರು ಕುಡಿದಂತೆ ಕುಡಿದ ಹೇಮಾ! ಅಂಗಳದಲ್ಲಿ ಹದಿನಾರು ದಾಟಿದ ವಿದ್ಯಾಶ್ರೀ ಬಟ್ಟೆಯ ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಮಣ್ಣಿನ ಮೇಲೆ. ಅಷ್ಟರಲ್ಲಿ ಬಚ್ಚಲಿನಿಂದ ನೀರು ತುಂಬಿದ ಚರಗಿ ಹಿಡಿದು ಸಾವಂತ್ರವ್ವ ಹೊರಗೆ ಬಂದಳು. ಸೊಸೆಯ ಮುಖ ನೋಡಲಿಲ್ಲ. ಹುಡುಗಿಯ ಮುಂದೆ ಚರಗಿ ಇಟ್ಟು, “ಕಾಲಿಗೆ ನೀರು ಹಾಕ್ಕೊಂಡು ಒಳಗ ಬಾರವ್ವ” ಎಂದಳು.

ಗೋಡೆಯಾಚೆಯಿಂದ ನೆರೆಮನೆಯ ಗುಲ್ನಾರ ಇಣುಕಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. “ಅಯ್ಯ! ಇವತ್ತೇನು ಸೂರ್ಯ ಮದಗದ ಕೆರಿಯೊಳಗ ಹುಟ್ಟ್ಯಾನೇನವ್ವ? ಸೊಸಿ ಬೈತಾಳ, ಅತ್ತಿ ಕರೀತಾಳ!”

ಹೌದು, ಎಲ್ಲ ತಲೆಕೆಳಗಾಗಿತ್ತು. ಕೆಟ್ಟವಳು ಒಳ್ಳೆಯವಳಾಗಿ ನಿಂತಿದ್ದಳು. ಹೇಮಾ ತಾನೇನಾಗಿ ನಿಂತಿದ್ದೇನೆಂದು ತನಗೇ ತಿಳಿಯದೆ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಇದು ಶುರುವಾದದ್ದು ಹೊಲಿಗೆಯಿಂದ. ಶಿಗ್ಗಾವಿಯ ಹುಡುಗಿ ಹೇಮಾ, ತಾಯಿಯಿಲ್ಲದವಳು. ತಂದೆ ಕೊಟ್ಟು ಕೈತೊಳೆದುಕೊಂಡ. ಗಂಡ ಫಕ್ಕೀರೇಶ ಕೆಟ್ಟವನಲ್ಲ. ಆದರೆ ತಾಯಿ ಮತ್ತು ಹೆಂಡತಿಯ ನಡುವೆ ಮಾತು ಬಂದಾಗ ಅವನಿಗೆ ಹೊಲದ ಮೋಟರು ನೆನಪಾಗುತ್ತಿತ್ತು! ಅವರದು ಕೆರೆಯ ಕೆಳಗಿನ ಹೊಲ. ಬೆಂಡೆಯ ಬೀಜದ ಪ್ಲಾಟು. ಸಂಜೆ ಬಗ್ಗಿ ಒಂದೊಂದೇ ಮೊಗ್ಗು ಬಿಡಿಸಿ ಒಳಗಿನ ಕೇಸರ ತೆಗೆದಿಡಬೇಕು, ಬೆಳಿಗ್ಗೆ ಗಂಡು ಹೂವಿನ ಪುಡಿ ತಾಗಿಸಿ ದಾರ ಕಟ್ಟಬೇಕು. ಊರವರು ಅದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಹೊಟ್ಟೆಯಲ್ಲಿದ್ದ ಮೂರು ತಿಂಗಳ ಕೂಸು ಹೋದಾಗಲೂ ಸಾವಂತ್ರವ್ವ ವಾರ ಕಳೆಯುವುದರೊಳಗೆ, “ಹಾಸಿಗಿ ಹಿಡಿದ್ರ ಹೂವು ನಿನ್ನ ದಾರಿ ಕಾಯ್ತಾವೇನು?” ಎಂದು ಅವಳನ್ನು ಹೊಲಕ್ಕೆ ಅಟ್ಟಿದ್ದಳು. ಅಟ್ಟಿದವಳು ತಾನೂ ಪಕ್ಕದ ಸಾಲಿನಲ್ಲೇ ಬಗ್ಗಿದ್ದಳು ಎಂಬುದೂ ನಿಜ. ಆದರೆ ಅಂಥ ಹೊತ್ತಿನಲ್ಲಿ ಅದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ!

ಹಿರೇಕೆರೂರಿನ ಚರ್ಚಿನ ಹಾಲಿನಲ್ಲಿ ಹೊಲಿಗೆ ಕಲಿಸುತ್ತಾರೆಂದು ತಿಳಿದು, ಗಂಡನನ್ನು ಕಾಡಿ ಬೇಡಿ ಹೇಮಾ ವಾರಕ್ಕೊಮ್ಮೆ ಬಸ್ಸು ಹತ್ತತೊಡಗಿದಳು. ಒಂದು ದಿನ ಅಲ್ಲಿಯ ಪಾದ್ರಿ ಜೀವರತ್ನ ಅಯ್ಯನವರು ಹೊಲಿಗೆ ಮಿಷನ್ನುಗಳ ನಡುವೆ ಬಂದು ನಿಂತು ಹೇಳಿದರು: “ತಂದೆತಾಯಿ ಇಲ್ಲದೆ ಬೇರೆಯವರ ಮನೆಯಲ್ಲಿ ಬೆಳೆಯುವ ಮಕ್ಕಳಿದ್ದಾರೆ. ಸರಕಾರವೇ ಆ ಮನೆಗಳನ್ನು ಗೊತ್ತು ಮಾಡಿರುತ್ತದೆ. ಊಟ ಬಟ್ಟೆ ಸಿಗುತ್ತದೆ. ಆದರೆ ಅವರ ಜೊತೆ ಕುಳಿತು ಮಾತಾಡುವವರು ಬೇಕು. ವಾರಕ್ಕೆ ಒಂದು ಮಧ್ಯಾಹ್ನ ಸಾಕು. ಪಗಾರವಿಲ್ಲ. ಜಾತಿ ಧರ್ಮ ಕೇಳುವುದಿಲ್ಲ. ಎಷ್ಟು ಓದಿದ್ದೀರೆಂದೂ ಕೇಳುವುದಿಲ್ಲ. ಒಡನಾಡಿ ಆಗುವವರು ಯಾರು?”

ಹೇಮಾಳ ಕೈ ಮೇಲೆ ಹೋಯಿತು. ಯಾಕೆ ಹೋಯಿತೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಮನೆಯಲ್ಲಿ ಬೆಂಕಿ ಬಿತ್ತು. “ಏಸುವಿನ ಗುಡಿಗೆ ಹೋಗಿ ತಲಿಗೆ ನೀರು ಹಾಕಿಸ್ಕೊಂಡು ಬಂದಿಯೇನು? ಹಂಗಿದ್ರ ಈಗ ಹೇಳು, ಒಲಿ ಬ್ಯಾರೆ ಹೂಡ್ತೇನಿ!” ಎಂದು ಸಾವಂತ್ರವ್ವ ಎಗರಿದಳು. “ತನಗ ಕೂಸಿಲ್ಲ, ಮಂದಿ ಕೂಸು ಸಂಬಾಳಿಸಾಕ ಹೊಂಟಾಳ ನೋಡು!”

ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಫಕ್ಕೀರೇಶ ಮಾತ್ರ, “ಹೋಗ್ಲಿ ಬಿಡಬೇ ಯವ್ವಾ. ಹೊಲಿಗಿ ಜೋಡಿನ ಅದೂ ಮುಗೀತೈತಿ” ಎಂದು ಹೇಳಿ ಮೋಟರು ನೋಡಲು ಹೋದ.

ಚರ್ಚಿನಲ್ಲಿ ಒಂದು ದಿನದ ತರಬೇತಿ. ಸವಣೂರಿನಿಂದ ನಸೀರಾ ಎಂಬ ನಿವೃತ್ತ ನರ್ಸಮ್ಮನೂ ಬಂದಿದ್ದರು. ಅಯ್ಯನವರು ನಿಯಮ ಹೇಳಿದರು. ಮಗುವನ್ನು ನಿಮ್ಮ ಮನೆಗೆ ಕರೆದೊಯ್ಯಬೇಡಿ. ಏನನ್ನೂ ಕೊಡಬೇಡಿ. ಅವ್ವ, ಅಕ್ಕ, ಚಿಗವ್ವ ಎಂದು ಸಂಬಂಧ ಕಟ್ಟಬೇಡಿ. ಕಟ್ಟಿ ಹರಿದರೆ ಆ ಮಕ್ಕಳು ಇನ್ನೊಮ್ಮೆ ಅನಾಥರಾಗುತ್ತಾರೆ.

ಹೇಮಾ ಎದ್ದು ಕೇಳಿದಳು: “ಅಕ್ಕನೂ ಅಲ್ಲ, ಅವ್ವನೂ ಅಲ್ಲ ಅಂದ್ರ ನಾ ಆ ಹುಡುಗಿಗೆ ಏನಾಗಬೇಕ್ರಿ ಅಯ್ಯನವರ?”

“ಒಡನಾಡಿ.”

“ಅದು ಗೊತ್ತಾತ್ರಿ. ಆದ್ರ... ಏನಾಗಬೇಕು?”

ಅಯ್ಯನವರು ನಕ್ಕರು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕುಳಿತವಳೂ ಇಳಿಯುವುದರೊಳಗೆ ಅಕ್ಕನೋ ತಂಗಿಯೋ ಆಗಿಬಿಟ್ಟಿರುತ್ತಾಳೆ. ಏನೂ ಆಗದೆ ಜೊತೆಗಿರುವುದು ಹೇಗೆ?

ಮೊದಲ ಭಾನುವಾರ ಹಂಸಭಾವಿಯಿಂದ ವಿದ್ಯಾಶ್ರೀ ಬಂದಳು. ಗುದ್ಲೆಪ್ಪನೆಂಬ ಟ್ರ್ಯಾಕ್ಟರ್ ಚಾಲಕನ ಮನೆಯಲ್ಲಿ ಅವಳು ಬೆಳೆಯುತ್ತಿದ್ದಳು. ಚರ್ಚಿನ ಪಡಸಾಲೆಯ ಕಟ್ಟೆಯ ಮೇಲೆ ಇಬ್ಬರೂ ಕುಳಿತರು. ಹೇಮಾ ಕಲಿತುಕೊಂಡು ಬಂದ ಪ್ರಶ್ನೆಗಳನ್ನು ಕೇಳಿದಳು. ಹುಡುಗಿ ಗೋಡೆ ನೋಡುತ್ತ ಕುಳಿತಿದ್ದಳು. ಕೊನೆಗೆ, “ನನ್ನ ಕಥಿ ಎಲ್ಲಾ ಆಫೀಸಿನ್ಯಾಗ ಹೇಳೇನ್ರಿ. ಹೇಳಿ ಹೇಳಿ ನನಗ ಬ್ಯಾಸರ ಆಗೇತಿ. ನೀವ ಏನರ ಮಾತಾಡ್ರಿ” ಎಂದಳು.

ಹೇಮಾ ಮಾತಾಡಿದಳು. ಮೊದಲು ಬೆಂಡೆಯ ಹೂವಿನ ಮಾತು. ಆಮೇಲೆ ಶಿಗ್ಗಾವಿಯ ಮಾತು. ಆಮೇಲೆ... ಕಟ್ಟೆ ಒಡೆದಂತಾಯಿತು! ವಾರದಿಂದ ವಾರಕ್ಕೆ ಅವಳು ತನ್ನ ಒಡಲನ್ನೆಲ್ಲ ಆ ಹುಡುಗಿಯ ಮುಂದೆ ಸುರುವಿದಳು. ಹೋದ ಕೂಸಿನ ಮಾತು. ಬೀಗ ಹಾಕಿದ ಬೆಲ್ಲದ ಡಬ್ಬಿಯ ಮಾತು. ಎಲ್ಲರೂ ಉಂಡ ಮೇಲೆ ಉಳಿದ ತಣ್ಣನೆಯ ರೊಟ್ಟಿಯ ಮಾತು. ಹುಡುಗಿ ಕೇಳಿದಳು. ಕೇಳುವುದು ಅವಳಿಗೆ ಗೊತ್ತಿತ್ತು. “ಹೌದ್ರಿ” ಎನ್ನುತ್ತಿರಲಿಲ್ಲ, “ಪಾಪ” ಎನ್ನುತ್ತಿರಲಿಲ್ಲ. ಮೊಣಕಾಲ ಮೇಲೆ ಗದ್ದವಿಟ್ಟು ಕೇಳುತ್ತಿದ್ದಳು. ಯಾರಿಗೆ ಯಾರು ಒಡನಾಡಿ? ಚರ್ಚಿನವರು ಹುಡುಗಿಗೆ ಆಸರೆಯೆಂದು ಹೇಮಾಳನ್ನು ಕೊಟ್ಟಿದ್ದರು. ಆಸರೆ ಸಿಕ್ಕಿದ್ದು ಹೇಮಾಳಿಗೆ! ಒಂದು ಭಾನುವಾರ ಅವಳು ಹೇಳಬಾರದ್ದನ್ನೂ ಹೇಳಿಬಿಟ್ಟಳು: “ಆ ಮುದುಕಿ ನಾಳೆ ಸತ್ರೂ ನನ್ನ ಕಣ್ಣಾಗ ಒಂದು ಹನಿ ನೀರು ಬರಂಗಿಲ್ಲ ವಿದ್ಯಾ.” ಅಂದ ಕೂಡಲೆ ಬಾಯಿ ಮುಚ್ಚಿಕೊಂಡಳು.

ತಪ್ಪು ನಡೆದದ್ದು ಅದಾದ ಮೇಲೆ. ಮುಂದಿನ ಭಾನುವಾರ ಹುಡುಗಿ ಮರಳಬೇಕಿದ್ದ ಹಂಸಭಾವಿಯ ಬಸ್ಸು ಬರಲೇ ಇಲ್ಲ. ಗುದ್ಲೆಪ್ಪ ಫೋನಿನಲ್ಲಿ, “ನಾ ರಟ್ಟೀಹಳ್ಳಿ ಕಡೆ ಇದ್ದೇನ್ರಿ, ಸಂಜಿಗಿ ಮಾಸೂರ ಮ್ಯಾಲೆ ಬರ್ತೇನಿ, ಅಲ್ಲಿಂದ ಕರ್ಕೊಂಡು ಹೋಗ್ತೇನಿ” ಎಂದ. ಅಯ್ಯನವರು ಊರಲ್ಲಿರಲಿಲ್ಲ. ಬೇರೆ ದಾರಿ ಕಾಣದೆ ಹೇಮಾ ಹುಡುಗಿಯನ್ನು ಮನೆಗೆ ಕರೆತಂದಳು. ಸಾವಂತ್ರವ್ವ ಮುಖ ಗಂಟು ಹಾಕಿಕೊಂಡೇ ಚಹಾ ಕೊಟ್ಟಳು. ದೀಪ ಹಚ್ಚುವ ಹೊತ್ತಿಗೆ ಗುದ್ಲೆಪ್ಪನ ಗಾಡಿಯ ಸದ್ದು ಕೇಳಿತು. ಹುಡುಗಿ ಎದ್ದು, “ಬರ್ತೇನ್ರಿ” ಎಂದಳು.

“ನಿಲ್ಲು” ಎಂದಳು ಸಾವಂತ್ರವ್ವ. “ದೀಪ ಹಚ್ಚಿದ ಮ್ಯಾಲೆ ಹೆಣ್ಣುಮಗಳು ಬರೇ ಉಡಿಲೆ ಹೋಗಬಾರದು.”

ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಒಂದು ಕುಪ್ಪಸದ ಖಣ ತಂದಳು. ಆಕೆಗೆ ಅದೊಂದು ರೂಢಿ. ಊಟಕ್ಕೆ ಮೊದಲು ಕೈ ತೊಳೆದಂತೆ. ಬಳೆಗಾರ ಕರೀಮಸಾಬನ ಹೆಂಡತಿ ಬಂದರೂ ಉಡಿ ತುಂಬದೆ ಕಳಿಸಿದವಳಲ್ಲ. ಗೊಣಗುತ್ತಲೇ ಕುಂಕುಮ ಹಚ್ಚಿ, “ಸೆರಗು ಒಡ್ಡು. ಸೆರಗಿಲ್ಲ ಅಂದ್ರ ಆ ಓಢಣಿನ ಒಡ್ಡು. ಎಂಥ ಹುಡುಗ್ಯಾರವ್ವ ಈಗಿನವರು!” ಎಂದು ಐದು ಸಲ ಅಕ್ಕಿ ಹಾಕಿ, “ಹೋಗಿ ಬಾ” ಎಂದಳು. ಹೋಗು ಎನ್ನಲಿಲ್ಲ, ಹೋಗಿ ಬಾ ಎಂದಳು, ಅದೂ ರೂಢಿಯೇ.

ಆದರೆ ಹುಟ್ಟಿದಾಗಿನಿಂದ ಯಾರೂ ಉಡಿ ತುಂಬದ ಹುಡುಗಿಗೆ ಅದು ರೂಢಿಯೆಂದು ಹೇಗೆ ಗೊತ್ತಾಗಬೇಕು? ಅವಳು ಕಂಡಿದ್ದು ಒಂದೇ: ಹಂಸಭಾವಿಯಲ್ಲಿ ಮದುವೆಯಾದ ಹೆಣ್ಣುಮಕ್ಕಳು ತವರಿನಿಂದ ಹೊರಡುವಾಗ ತಾಯಂದಿರು ಉಡಿ ತುಂಬಿ, ಅಳುತ್ತ, ಹೋಗಿ ಬಾ ಎನ್ನುವುದು. ಓಢಣಿಯನ್ನು ಗಂಟು ಕಟ್ಟಿಕೊಂಡು, ಯಾರೂ ಹೇಳದಿದ್ದರೂ ಸಾವಂತ್ರವ್ವನ ಕಾಲಿಗೆ ಬಿದ್ದಳು. ಏನನ್ನೂ ಕೊಡಬೇಡಿ ಎಂಬ ನಿಯಮ ಹೇಮಾಳಿಗೆ ನೆನಪಾಯಿತು. ತಡೆಯಬೇಕೆಂದುಕೊಂಡಳು. ಆದರೆ ಆ ಮುಖ ನೋಡಿ ನಾಲಿಗೆ ಏಳಲಿಲ್ಲ...

ಈಗ ಅದೇ ಹುಡುಗಿ ಚೀಲದೊಂದಿಗೆ ಬಂದು ನಿಂತಿದ್ದಳು. ಗುದ್ಲೆಪ್ಪನಿಗೆ ವರ್ಷಗಳ ಮೇಲೆ ಸ್ವಂತ ಕೂಸಾಗಿತ್ತು. ಬಾಣಂತಿ ಹೆಂಡತಿಯೊಂದಿಗೆ ಹಾನಗಲ್ಲಿನ ಅತ್ತೆಯ ಮನೆಗೆ ಹೋಗಿ ಇರುವುದಾಗಿ, ಅಲ್ಲಿ ಒಂದೇ ಖೋಲಿ ಇರುವುದರಿಂದ ವಿದ್ಯಾಳನ್ನು ಹಾವೇರಿಯ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸುವುದಾಗಿ ಅವನು ಹೇಳಿಬಿಟ್ಟಿದ್ದ. ಅಳುತ್ತಲೇ ಹೇಳಿದ್ದ ಪಾಪ. ಮರುದಿನ ಹಾವೇರಿಗೆ ಹೋಗಬೇಕಾಗಿದ್ದ ಹುಡುಗಿ ಬೆಳಿಗ್ಗೆ ಎದ್ದು ತವರಿಗೆ ಬಂದಿದ್ದಳು!

“ಅತ್ತಿ, ಆಕಿನ್ನ ಕರೀಬ್ಯಾಡ್ರಿ!” ಹೇಮಾ ಬಾಗಿಲಲ್ಲೇ ನಿಂತು ಅಂದಳು. “ಚರ್ಚಿನ ನೇಮ ಐತಿ. ಸರಕಾರದ ನೇಮ ಐತಿ. ನಾವು ಇಟ್ಕೊಳ್ಳಾಕ ಬರಂಗಿಲ್ಲ!”

“ಸರಕಾರ ಬಂದು ನನ್ನ ಮೊರದಾಗ ಅಕ್ಕಿ ಹಾಕಿತ್ತೇನು? ಉಡಿ ತುಂಬಿದಾಕಿ ನಾನು. ತುಂಬಿದ ಉಡಿಲೆ ಹೋದ ಹುಡುಗಿ ತಿರುಗಿ ಬಂದ್ರ ಹೊಸ್ತಿಲದಾಗ ನಿಂದ್ರಸೋ ಮನಿ ಅಲ್ಲ ಇದು. ಸರಿ ಆ ಕಡೆ!”

“ಅಂದು ಯಾರು ಬಂದಿದ್ರೂ ತುಂಬತಿದ್ರಿ, ಈಕಿಗೂ ತುಂಬಿದ್ರಿ. ಮಗಳಂತ ತುಂಬಿದ್ರೇನು?”

“ಇಲ್ಲ” ಎಂದಳು ಸಾವಂತ್ರವ್ವ. “ನಾ ಅಂದುಕೊಂಡಿಲ್ಲ. ಆಕಿ ಅಂದುಕೊಂಡಾಳ. ಎರಡು ಗಂಡು ಹಡೆದೆ, ಒಂದು ಮಣ್ಣಿಗೆ ಹೋತು, ಒಂದು ನಿನ್ನ ಸೆರಗಿಗೆ ಹೋತು. ನನ್ನ ಕೈಲೆ ಉಡಿ ತುಂಬಿಸ್ಕೊಂಡು ತಿರುಗಿ ಬಂದಾಕಿ ಯಾರದಾಳ? ಈಕಿ ಒಬ್ಬಾಕಿ.”

ಹೇಮಾಳ ತಲೆ ತಿರುಗಿತು. ಇದೇ ಬಾಯಿ ತಾನೇ ತನಗೆ ಬಂಜೆಯೆಂದದ್ದು! ಇದೇ ಕೈ ತಾನೇ ಬೆಲ್ಲಕ್ಕೆ ಬೀಗ ಹಾಕಿದ್ದು! ತನಗಿಲ್ಲದ ಕರುಳು ದಾರಿಯಲ್ಲಿ ಹೋಗುವವಳಿಗೆ ಎಲ್ಲಿಂದ ಬಂತು? ಸಿಟ್ಟು ನೆತ್ತಿಗೇರಿತು. “ಪುಕ್ಕಟೆ ಕ್ರಾಸಿಂಗ್ ಮಾಡಾಕ ಎರಡು ಕೈ ಬೇಕಾಗ್ಯಾವ ನಿಮಗ! ನನ್ನ ಕೈ ಸವೆದುವಲ್ಲ, ಈಗ ಈಕಿವು!”

ಸಾವಂತ್ರವ್ವ ತಿರುಗಿ ಬೈಯಲಿಲ್ಲ. ಅದೇ ಹೆದರಿಕೆಯ ಸಂಗತಿ! ಆಕೆ ಮೆಟ್ಟಿಲ ಮೇಲೆ ಕುಸಿದು ಕುಳಿತು, “ಹೂಂ... ನಾ ಕೆಟ್ಟಾಕಿ. ಕೆಟ್ಟಾಕಿ ತುಂಬಿದ್ರ ಅದು ಉಡಿ ಅಲ್ಲೇನು?” ಎಂದು ಮಾತ್ರ ಅಂದಳು.

ವಿದ್ಯಾ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. “ಜಗಳ ಮಾಡಬ್ಯಾಡ್ರಿ. ನಾ ತಿಳ್ಕೊಂಡಿದ್ದು ತಪ್ಪಾಗೇತಿ. ಹಾವೇರಿಗೆ ಹೋಗ್ತೇನಿ. ಅಲ್ಲಿ ನನಗ ಗೊತ್ತೈತಿ, ಹೊಸದಲ್ಲ.”

ಹೊಸದಲ್ಲ! ಹದಿನಾರರ ಹುಡುಗಿ ಆ ಮಾತನ್ನು ಎಷ್ಟು ಸಲೀಸಾಗಿ ಹೇಳಿದಳೆಂದರೆ ಹೇಮಾಳ ಎದೆಯಲ್ಲಿ ಏನೋ ಮುರಿಯಿತು. ಆಗ ಅವಳಿಗೆ ತನ್ನ ಮನಸ್ಸಿನ ತಳ ಕಂಡಿತು. ತಾನು ಬಾಗಿಲು ಕಟ್ಟಿದ್ದು ಯಾವ ನಿಯಮಕ್ಕೂ ಅಲ್ಲ. ಇಡೀ ಲೋಕದಲ್ಲಿ ತನ್ನ ಮಾತು ಕೇಳುವ ಒಂದೇ ಜೀವ ಇದು. ಈ ಹೊಸ್ತಿಲು ದಾಟಿದರೆ ಇವಳು ಅತ್ತೆಯ ಮಗಳಾಗುತ್ತಾಳೆ. ತನಗೆ ನಾದಿನಿಯಾಗುತ್ತಾಳೆ! ಚರ್ಚಿನ ಕಟ್ಟೆಯ ಮೇಲೆ ಆಡಿದ ಮಾತೆಲ್ಲ, ಆ ಸಾವಿನ ಮಾತೂ ಸೇರಿ, ಈ ಮನೆಯೊಳಗೆ ಬಂದು ಕೂರುತ್ತದೆ. ಹೇಳಿಬಿಟ್ಟರೆ? ಒಂದು ದಿನ ಮುನಿಸಿಕೊಂಡು ಹೇಳಿಬಿಟ್ಟರೆ ತನ್ನ ಗತಿ? ಆ ಭಯಕ್ಕಾಗಿ ಒಂದು ಹುಡುಗಿಯನ್ನು ಅಂಗಳದಲ್ಲಿ ನಿಲ್ಲಿಸಿದೆನೇ... ಛೀ!

ಅವಳ ಕೈ ಚೌಕಟ್ಟಿನಿಂದ ತಾನಾಗಿಯೇ ಇಳಿಯಿತು. “ಚಹಾ ಕುಡಿದು ಹೋಗೂದೋ ಇರೂದೋ ನೋಡೂಣು. ಬಾ” ಎಂದು ಹಿಂದೆ ಸರಿದಳು.

ಫಕ್ಕೀರೇಶ ಹೊಲದಿಂದ ಬಂದವನು ಹೆಂಡತಿಯ ಮುಖ, ತಾಯಿಯ ಮುಖ, ಗೊತ್ತಿಲ್ಲದ ಹುಡುಗಿಯ ಮುಖ ನೋಡಿ, “ಯಾರು ಯಾರಿಗೆ ಬೈಯಾಕತ್ತಾರ, ಅದನ್ನರ ಹೇಳ್ರಿ!” ಎಂದ. ಹುಡುಗಿ ಯಾರೆಂದು ಮಾತ್ರ ಹೇಮಾ ಹೇಳಿದಳು. ಅವನೇ ಅಯ್ಯನವರಿಗೆ ಫೋನು ಹಚ್ಚಿದ.

ಮಧ್ಯಾಹ್ನ ಅಯ್ಯನವರು ಬಂದು ಎಲ್ಲ ಕೇಳಿಸಿಕೊಂಡರು. ಆಮೇಲೆ ಹೇಳಿದರು: “ಹುಡುಗಿ ಇವತ್ತು ನನ್ನ ಜೊತೆ ಹಾವೇರಿಗೆ ಬರಲೇಬೇಕು. ಆದರೆ ನಿಮ್ಮ ಮನೆಯವರು ಸಾಕುವ ಮನೆಯಾಗಲು ಅರ್ಜಿ ಹಾಕಬಹುದು. ಮನೆ ನೋಡುತ್ತಾರೆ, ವಿಚಾರಣೆ ಮಾಡುತ್ತಾರೆ. ಒಂದು ಮಾತು ಮಾತ್ರ ಕಷ್ಟದ್ದು ಹೇಮಾ. ಸಾಕುವ ಮನೆಯವರು ಒಡನಾಡಿ ಆಗುವಂತಿಲ್ಲ. ಮನೆಯಲ್ಲಿ ಏನಾದರೂ ನೋವಾದರೆ ಹೇಳಿಕೊಳ್ಳಲು ಹುಡುಗಿಗೆ ಹೊರಗಿನವರೊಬ್ಬರು ಇರಬೇಕು. ನೀವು ಬಿಟ್ಟುಕೊಟ್ಟರೆ ಮಾತ್ರ ಈ ಮನೆ. ನೀವು ಒಡನಾಡಿಯಾಗಿಯೇ ಉಳಿದರೆ ಅವಳಿಗೆ ಬೇರೆ ಮನೆ, ಇಲ್ಲವೆಂದರೆ ಹಾವೇರಿ.”

ಹುಡುಗಿಗೆ ಹೊರಗಿನವರೊಬ್ಬರು ಬೇಕು. ಸರಿಯಾದ ಮಾತೇ. ಸೊಸೆಯಂದಿರಿಗೆ? ಅವರಿಗೂ ಒಬ್ಬರು ಬೇಕೆಂದು ಯಾವ ಸಮಿತಿಯಾದರೂ ಬರೆದಿದೆಯೇ? ಎಲ್ಲಿದೆ ಆ ನಿಯಮ!

ಹೇಮಾ ವಿದ್ಯಾಳನ್ನು ನೋಡಿದಳು. ಹುಡುಗಿ ತಲೆಯೆತ್ತಲಿಲ್ಲ, ಬೇಡುವುದನ್ನು ಅವಳು ಎಂದೋ ಬಿಟ್ಟಿದ್ದಳು.

“ನಾ ಬಿಟ್ಟುಕೊಡ್ತೇನ್ರಿ” ಎಂದಳು ಹೇಮಾ. “ಬರ್ಕೋರಿ. ಆಕಿಗೆ ಮನಿ ಆಗ್ಲಿ.” ಅಂದವಳೇ ಹಿತ್ತಲಿಗೆ ಹೋದಳು. ಎಲ್ಲರೂ ಸಮಾಧಾನದ ಉಸಿರು ಬಿಟ್ಟರು. ಅವಳೇನು ಕಳೆದುಕೊಂಡಳೆಂದು ಆ ಮನೆಯಲ್ಲಿ ಗೊತ್ತಿದ್ದದ್ದು ವಿದ್ಯಾ ಒಬ್ಬಳಿಗೇ.

ವಿಚಾರಣೆಗೆ ಬಂದ ಮಹಿಳಾ ಅಧಿಕಾರಿ ಮನೆ, ಬಚ್ಚಲು, ಹುಡುಗಿ ಮಲಗುವ ಜಾಗ ಎಲ್ಲ ನೋಡಿ, ಕಾಲೇಜು ಬಿಡಿಸಬಾರದು, ಹೊಲದ ಕೆಲಸಕ್ಕೆ ಹಚ್ಚಬಾರದು ಎಂದು ಗಟ್ಟಿಯಾಗಿ ಹೇಳಿ, ಸಾವಂತ್ರವ್ವನನ್ನು ಕೇಳಿದರು: “ನಿಮ್ಮ ಮನೆಯಲ್ಲಿ ಜಗಳ ಆಗುತ್ತದೆಯೇ?”

“ಜಗಳ ಆಗಲಾರದ ಮನಿ ಒಂದು ಇದ್ರ ತೋರಸ್ರಿ ಅಕ್ಕಾರ. ಬುತ್ತಿ ಕಟ್ಕೊಂಡು ಹೋಗಿ ನೋಡಿ ಬರ್ತೇನಿ.”

ಅಧಿಕಾರಿ ನಕ್ಕರು. ಮಳೆಗಾಲ ಕಳೆಯುವ ಹೊತ್ತಿಗೆ ಆದೇಶವಾಯಿತು. ಸವಣೂರಿನ ನಸೀರಾ ನರ್ಸಮ್ಮ ವಿದ್ಯಾಳ ಹೊಸ ಒಡನಾಡಿಯಾದರು. ಭಾನುವಾರ ಬಂದರೆ ಹುಡುಗಿ ತಲೆ ಬಾಚಿಕೊಂಡು ಹಿರೇಕೆರೂರಿನ ಬಸ್ಸು ಹತ್ತುತ್ತಾಳೆ. ಹೇಮಾ ಕೈಬೀಸಿ ಕಳಿಸುತ್ತಾಳೆ. ಅಲ್ಲಿ ಕುಳಿತು ಅವಳು ಯಾರ ಮಾತಾಡುತ್ತಾಳೋ! ಮನೆಯಲ್ಲಿ ಹೇಮಾಳನ್ನು ಅಣ್ಣನ ಹೆಂಡತಿಯನ್ನು ಕರೆಯುವಂತೆ “ವೈನಿ” ಎಂದು ಕರೆಯುತ್ತಾಳೆ. ಇಬ್ಬರೂ ಒಟ್ಟಿಗೇ ಪಾತ್ರೆ ತಿಕ್ಕುತ್ತಾರೆ, ಒಂದೇ ಹಗ್ಗಕ್ಕೆ ಬಟ್ಟೆ ಹರವುತ್ತಾರೆ. ಆದರೆ ಮೊದಲಿನ ಮಾತು ಬರುವುದಿಲ್ಲ. ಅತ್ತೆ ಕೂತ ಮನೆಯಲ್ಲಿ ಅತ್ತೆಯ ಮಾತನ್ನು ಅತ್ತೆಯ ಮಗಳೆದುರು ಹೇಗೆ ಆಡುವುದು? ಹೇಮಾ ಮೊದಲಿಗಿಂತ ಮೂಕಿಯಾದಳು. ಪ್ರೀತಿಯೋ, ಅಸೂಯೆಯೋ, ಭಯವೋ... ಯಾವುದು ಎಂದು ಅವಳಿಗೇ ತಿಳಿಯಲಿಲ್ಲ.

ಒಂದು ದಿನ ಇಳಿಹೊತ್ತು. ಹೇಮಾ ಒಲೆಯ ಮುಂದೆ ಜೋಳದ ಹಿಟ್ಟು ನಾದುತ್ತಿದ್ದಳು. ಪಡಸಾಲೆಯಲ್ಲಿ ಸಾವಂತ್ರವ್ವ ವಿದ್ಯಾಳ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು. ಒಮ್ಮೆಲೇ ಆಕೆಯ ದನಿ ಕೇಳಿತು:

“ಅಲ್ಲಬೇ, ಒಂದು ಖರೇ ಹೇಳು. ಆವಾಗ ಚರ್ಚಿನ್ಯಾಗ ಅಷ್ಟೊತ್ತು ಕುಂದ್ರತಿದ್ರೆಲ್ಲ... ನಿಮ್ಮ ವೈನಿ ನನ್ನ ಬಗ್ಗೆ ಏನಂತಿದ್ಲು?”

ಹೇಮಾಳ ಕೈ ಹಿಟ್ಟಿನಲ್ಲೇ ನಿಂತಿತು. ಬಂತು... ಬಂದೇ ಬಂತು!

“ಏನೂ ಇಲ್ಲವ್ವ” ಎಂದಳು ವಿದ್ಯಾ. “ನಾನ ಮಾತಾಡ್ತಿದ್ದೆ. ಅವರು ಕೇಳ್ತಿದ್ರು.”

“ನನ್ನ ಸುದ್ದಿ ಬರಲೇ ಇಲ್ಲೇನು?”

“ಒಂದು ದಿನಾನೂ ಇಲ್ಲ.”

ಸಾವಂತ್ರವ್ವ ಅಂಗೈಗೆ ಇನ್ನಷ್ಟು ಎಣ್ಣೆ ಸುರುವಿಕೊಂಡಳು. ಆಮೇಲೆ, “ಸುಳ್ಳಿ! ನಾ ಆಕಿ ಜಾಗಾದಾಗ ಇದ್ದಿದ್ರ ಹಿಡಿ ಹಿಡಿ ಮಣ್ಣು ತೂರ್ತಿದ್ದೆ” ಎಂದು ಸಣ್ಣಗೆ ನಕ್ಕಳು. ಮತ್ತೆ ದನಿಯೇರಿಸಿ, “ಏ ಹೇಮಾ! ರೊಟ್ಟಿ ಆಮ್ಯಾಲೆ ಮಾಡಿದ್ರಾತು. ಬಾ ಇಲ್ಲೆ, ನಿನ್ನ ತಲಿನೂ ಬಣವಿ ಆದಂಗ ಆಗೇತಿ” ಎಂದಳು.

ಇಷ್ಟು ವರ್ಷಗಳಲ್ಲಿ ಹಾಗೆ ಕರೆದದ್ದು ಇದೇ ಮೊದಲು. ಎದ್ದು ಹೋಗಬೇಕೇ? ಯಾರ ಬಳಿಗೆ? ಬೆಲ್ಲಕ್ಕೆ ಬೀಗ ಹಾಕಿದ ಕೈಯ ಬಳಿಗೋ, ತನ್ನ ಮಾತನ್ನು ಹೊಟ್ಟೆಯಲ್ಲಿಟ್ಟು ಕಾಯ್ದ ಹುಡುಗಿಯ ಬಳಿಗೋ? ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತಿದ್ದಾರಲ್ಲ! ಹೇಮಾ, “ಹಿಟ್ಟಿನ ಕೈ ಐತ್ರಿ ಅತ್ತಿ” ಎಂದು ಕೂಗಿ, ಕಟ್ಟಿಗೆಯ ಕೊಣಮಿಗೆಯ ಮೇಲೆ ರೊಟ್ಟಿಯನ್ನು ಪಟಪಟನೆ ಬಡಿಯತೊಡಗಿದಳು. ಇನ್ನೂ ಜೋರಾಗಿ. ಬಿಕ್ಕುವ ಸದ್ದು ಯಾರಿಗೂ ಕೇಳದಷ್ಟು ಜೋರಾಗಿ.

“ಕೇಳಿಲ್ಲೆ, ಹೆಂಗ ಬಡೀತಾಳ!” ಎಂದಳು ಸಾವಂತ್ರವ್ವ. “ನನ್ನ ಮ್ಯಾಲಿನ ಸಿಟ್ಟು ಅದು.”

“ಅಲ್ಲವ್ವ” ಎಂದಳು ವಿದ್ಯಾ ಮೆಲ್ಲಗೆ. “ಅದು ಸಿಟ್ಟಲ್ಲ.”